ಇಸೋಬೆಯ ಟೋಪಿಗೆ ಎಲಾಸ್ಟಿಕ್

ಬೆಟ್ಟಯ್ಯ ಎರಡನೇ ಸಲ ಕುವೈತಿಗೆ ಬಂದದ್ದು ಹೆಂಡತಿಯ ಸೆರಗು ಹಿಡಿದು. ಇದನ್ನು ಅವನೇ ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದ, ಒಂದಿಷ್ಟೂ ನಾಚಿಕೆಯಿಲ್ಲದೆ. ಯುದ್ಧ ಮುಗಿದ ಮೇಲೆ ಆ ದೇಶಕ್ಕೆ ಮೊದಲು ಬೇಕಾದವರು ನರ್ಸುಗಳು. ಉಗ್ರಾಣ ಕಾಯುವ ನಲವತ್ತೆಂಟು ವರ್ಷದ ಗಂಡಸನ್ನು ಯಾರೂ ಕರೆಯಲಿಲ್ಲ. ಕಾವೇರಮ್ಮ ತೊಂಬತ್ತೊಂದರ ಮೇ ತಿಂಗಳಲ್ಲಿ ಒಬ್ಬಳೇ ಬಂದು ಫಹಾಹೀಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತಳು. ನಿಂತವಳು ಸುಮ್ಮನೆ ಕೂರಲಿಲ್ಲ. ವೀಸಾ ಕೊಡುವ ಹಳೆಯ ಧಣಿ, ಅಲ್ಲಿನವರು ಕಫೀಲ್ ಎನ್ನುವವನನ್ನು ಹುಡುಕಿ ಹಿಡಿದು ಗಂಡನ ಕಾಗದ ಮಾಡಿಸಿದಳು. ಜುಲೈಯಲ್ಲಿ ಬೆಟ್ಟಯ್ಯ ಬಂದಿಳಿದ.

ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಕಾರುಗಳೆಲ್ಲ ದೀಪ ಹಾಕಿಕೊಂಡು ಓಡುತ್ತಿದ್ದವು. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಅವನು ಮೂಗು ಒರೆಸಿಕೊಂಡ ಕರವಸ್ತ್ರ ಬಾಣಲೆ ತಿಕ್ಕಿದ ಬಟ್ಟೆಯ ಹಾಗಾಯಿತು. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಗಂಡಹೆಂಡತಿ ಇಬ್ಬರೂ ಎರಡು ಪೆಟ್ಟಿಗೆ ಮತ್ತು ಕಡುಬು ಬೇಯಿಸುವ ಒಂದು ಪಾತ್ರೆ ಹೊತ್ತುಕೊಂಡು ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನಿನ ಗಡಿಯ ಡೇರೆಯಲ್ಲಿ ಹನ್ನೊಂದು ದಿನ ಬಿದ್ದಿದ್ದು, ಊರು ಸೇರಿದ್ದರು. ಆ ಪಾತ್ರೆ ಈಗ ಮತ್ತೆ ಬೆಟ್ಟಯ್ಯನ ಜೊತೆ ವಾಪಸು ಬಂದಿತ್ತು.

ಬೆಟ್ಟಯ್ಯ ಮತ್ತೆ ಕೆಲಸಕ್ಕೆ ಸೇರಿದ ಹಳೆಯ ಉಗ್ರಾಣ ಕಡಲ ದಂಡೆಯಲ್ಲಿತ್ತು. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಘಟಕವನ್ನು ರಿಪೇರಿ ಮಾಡಲು ಬಂದ ಜಪಾನಿ ಕಂಪನಿಯೊಂದು ಅದನ್ನು ಬಾಡಿಗೆಗೆ ಹಿಡಿದಿತ್ತು. ಕಟ್ಟಡದೊಳಗೆ ಇದ್ದದ್ದನ್ನೆಲ್ಲ ಇರಾಕಿ ಸೈನಿಕರು ಸಾಗಿಸಿಯಾಗಿತ್ತು, ಬಾಗಿಲ ಹಿಡಿಗಳನ್ನೂ ಬಿಟ್ಟಿರಲಿಲ್ಲ. ಅಂಗಳ ಮಾತ್ರ ಹಾಗೇ ಇತ್ತು. ಅದು ಸಮುದ್ರದ ಕಡೆಗೆ ಮೂಗು ಚಾಚಿದಂತಿದ್ದುದರಿಂದ ತುದಿಯ ಮೂಲೆಯಲ್ಲಿ ನಿಂತರೆ ಬೆನ್ನಿಗೂ ಎಡಕ್ಕೂ ಮರಳದಂಡೆ. ನಡುವೆ ಆಳೆತ್ತರದ ತಂತಿಬೇಲಿ. ಬೇಲಿಯ ಉದ್ದಕ್ಕೂ ತಲೆಬುರುಡೆ ಬರೆದ ಕೆಂಪು ಹಲಗೆಗಳು. ದಂಡೆಯಲ್ಲಿ ಇರಾಕಿಗಳು ಮೈನು, ಅಂದರೆ ನೆಲಬಾಂಬು ಹೂತಿದ್ದರು. ಆಗಸ್ಟಿನ ಮೊದಲ ವಾರ ಒಂದು ನಾಯಿ ಅಲ್ಲಿಗೆ ನುಗ್ಗಿ ಸಿಡಿದದ್ದನ್ನು ಬೆಟ್ಟಯ್ಯ ಕಣ್ಣಾರೆ ಕಂಡಿದ್ದ. ಆಮೇಲೆ ಬೇಲಿಯ ಆಚೆ ಏನು ಬಿದ್ದರೂ ಅದು ಹೋದದ್ದೇ ಲೆಕ್ಕ.

ಉಗ್ರಾಣದಲ್ಲಿ ಅವನ ಜೊತೆಗಿದ್ದವನು ಮೋರಿಸ್, ಫೋರ್ಕ್‌ಲಿಫ್ಟ್ ಓಡಿಸುವವನು, ಕಿನ್ನಿಗೋಳಿ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್, ಮೂವತ್ತೆರಡು ವರ್ಷದವನು. ಆಕ್ರಮಣದ ಏಳು ತಿಂಗಳೂ ಇಲ್ಲೇ ಉಳಿದಿದ್ದ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ, "ನನ್ನ ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿ, ಕಫೀಲ್ ಲಂಡನ್ನಿನಲ್ಲಿ. ನಾನು ಎಲ್ಲಿಗೆ ಹೋಗುದು?" ಎನ್ನುತ್ತಿದ್ದ.

ಇಸೋಬೆ ಎಂಬ ಜಪಾನಿ ಬಂದದ್ದು ಆಗಸ್ಟ್ ಕೊನೆಯಲ್ಲಿ. ಮೂವತ್ತೈದು ವರ್ಷ, ಉದ್ದನೆಯ ಆಳು, ಬಲಭುಜ ಎಡಕ್ಕಿಂತ ಎರಡು ಬೆರಳು ಇಳಿದಿತ್ತು. ಹಡಗಿನಲ್ಲಿ ಬಂದ ವಾಲ್ವುಗಳನ್ನು ಪರೀಕ್ಷಿಸಿ ಘಟಕಕ್ಕೆ ಕಳಿಸುವುದು ಅವನ ಕೆಲಸ. ಇಂಗ್ಲಿಷು ನಲವತ್ತು ಮಾತು ಬರುತ್ತಿತ್ತು, ಅದರಲ್ಲಿ ಹತ್ತು ವಾಲ್ವಿನ ಹೆಸರು. ಮೂರನೇ ಸಂಜೆ ಬೆಟ್ಟಯ್ಯ ಚಹಾ ಕುಡಿಯುತ್ತಿದ್ದಾಗ ಅಂಗಳದಿಂದ ಧಡ್, ಧಡ್ ಎಂದು ಸದ್ದು ಬಂತು. ಹೋಗಿ ನೋಡಿದರೆ ಈ ಮನುಷ್ಯ ಒಂದು ಬಿಳಿಯ ಚೆಂಡನ್ನು ಕಬ್ಬಿಣದ ಕಂಟೇನರಿಗೆ ಬೀಸಿ ಹೊಡೆಯುತ್ತಿದ್ದಾನೆ. ಹೊಡೆದ ಕಡೆಯೇ ಮತ್ತೆ ಹೊಡೆಯುತ್ತಿದ್ದಾನೆ. ಅಂಗೈಯಗಲ ಜಾಗದಲ್ಲಿ ಬಣ್ಣ ಎದ್ದುಹೋಗಿತ್ತು.

"ಸ್ವಾಮಿ, ಅದರೊಳಗೆ ನನ್ನ ಗಾಜಿನ ಮೀಟರು ಉಂಟು," ಎಂದ ಬೆಟ್ಟಯ್ಯ, ಕೈಸನ್ನೆ ಸೇರಿಸಿ.

ಇಸೋಬೆ ಟೋಪಿ ತೆಗೆದು ಸೊಂಟದಿಂದ ಬಾಗಿದ. ಬಾಗಿದವನು ಏಳುವುದೇ ಇಲ್ಲ. ಬೆಟ್ಟಯ್ಯನಿಗೆ ಮುಜುಗರವಾಯಿತು. ಆಗ ಅವನ ಬಾಯಿಂದ ತಾನೇ ಬಂದ ಮಾತು: "ನನಗೆ ಎಸಿ. ನಾನು ಹಿಡಿಯುತ್ತೇನೆ."

ಅದು ಬರೀ ಬಡಾಯಿಯಾಗಿರಲಿಲ್ಲ. ಬೆಟ್ಟಯ್ಯ ವಿರಾಜಪೇಟೆ ಕಡೆಯವನು, ಹಾಕಿ ಆಡಿ ಬೆಳೆದವನು, ಗೋಲ್‌ಕೀಪರ್. ಜಿಲ್ಲಾ ತಂಡದಲ್ಲಿ ಮೂರು ವರ್ಷ ಎರಡನೇ ಗೋಲ್‌ಕೀಪರಾಗಿ ಬೆಂಚಿನ ಮೇಲೆ ಕೂತಿದ್ದ. ಆ ಮೂರು ವರ್ಷದಲ್ಲಿ ಮೊದಲನೇ ಗೋಲ್‌ಕೀಪರಿಗೆ ಒಂದು ನೆಗಡಿಯೂ ಬರಲಿಲ್ಲ. ಮೈಗೆ ಚೆಂಡು ಬಡಿಸಿಕೊಳ್ಳುವ ವಿದ್ಯೆಯೊಂದು ಹಾಗೇ ಒಳಗೆ ಉಳಿದು ತುಕ್ಕು ಹಿಡಿದಿತ್ತು.

ಇಸೋಬೆ ಇಪ್ಪತ್ತು ಹೆಜ್ಜೆ ದೂರದಿಂದ ಎಸೆದ. ಅವನು ಕೊಟ್ಟ ದಪ್ಪ ಚರ್ಮದ ಗ್ಲೌಸಿನೊಳಗೆ ಬೆಟ್ಟಯ್ಯನ ಅಂಗೈ ಉರಿದುಹೋಯಿತು. ಆದರೆ ಚೆಂಡು ಒಳಗೇ ಇತ್ತು.

"ಮತ್ತೊಂದು," ಎಂದ.

ರಾತ್ರಿ ಊಟಕ್ಕೆ ಕೂತಾಗ ಕಾವೇರಮ್ಮ ಆ ಕೈ ನೋಡಿದಳು. "ಎಂತ ಇದು, ಬನ್ನಿನ ಹಾಗೆ ಊದಿದೆ. ಯಾರ ಕೆನ್ನೆಗೆ ಹೊಡೆದ್ರಿ?"

"ನನಗೇ ಹೊಡೆದದ್ದು. ಜಪಾನಿನವನು."

"ಐವತ್ತರ ಹತ್ತಿರ ಬಂತು, ಇನ್ನೂ ಚೆಂಡಿನ ಹಿಂದೆ," ಎಂದು ಗೊಣಗಿಕೊಂಡೇ ಅವಳು ಪಟ್ಟಿ ಕಟ್ಟಿದಳು. ಗಂಡ ವಾಪಸು ಬಂದ ಮೇಲೆ ಇದೇ ಮೊದಲು ಎರಡು ಸಲ ಅನ್ನ ಹಾಕಿಸಿಕೊಂಡದ್ದನ್ನು ಅವಳು ಗಮನಿಸಿದ್ದಳು.

ದಿನಾ ನಾಲ್ಕೂವರೆಗೆ ಕೆಲಸ ಬಿಟ್ಟ ಮೇಲೆ ಇದೇ ನಡೆಯಿತು. ಹೊಗೆಯ ಮಸಿಯಿಂದ ಚೆಂಡು ಇಪ್ಪತ್ತು ಎಸೆತಕ್ಕೆ ಕಪ್ಪಾಗುತ್ತಿತ್ತು. ಕಾವೇರಮ್ಮ ಮನೆಯಲ್ಲಿದ್ದ ಸ್ಪಿರಿಟ್ಟಿನ ಬಾಟಲಿ ಕೊಟ್ಟಳು, ಬೆಟ್ಟಯ್ಯ ಒರೆಸಿ ಒರೆಸಿ ಹಿಂದಕ್ಕೆ ಎಸೆಯುತ್ತಿದ್ದ. ಇಸೋಬೆಯ ಕಥೆ ಆಚೆ ಬಂದದ್ದು ಚಹಾದ ಹೊತ್ತಿನಲ್ಲಿ, ತುಣುಕು ತುಣುಕಾಗಿ, ಅರ್ಧ ಇಂಗ್ಲಿಷಿನಲ್ಲಿ, ಇನ್ನರ್ಧ ಪೆಟ್ಟಿಗೆಯ ರಟ್ಟಿನ ಮೇಲೆ ಪೆನ್ಸಿಲಿನ ಚಿತ್ರದಲ್ಲಿ.

ಅವನು ಮೀನುಗಾರರ ಊರಿನವನು. ಹೈಸ್ಕೂಲಿನಲ್ಲಿ ಚೆಂಡೆಸೆಯುವುದರಲ್ಲಿ ಹೆಸರು ಮಾಡಿದ. ಹದಿನೆಂಟಕ್ಕೆ ಒಂದು ವೃತ್ತಿಪರ ಬೇಸ್‌ಬಾಲ್ ತಂಡ ಅವನನ್ನು ಆರಿಸಿತು, ಊರಿನವರು ದೋಣಿಗೆ ಬಾವುಟ ಕಟ್ಟಿ ಮೆರವಣಿಗೆ ಮಾಡಿದರು. ಒಂಬತ್ತು ವರ್ಷ ಸಂಬಳ ತಿಂದ. ಆ ಒಂಬತ್ತರಲ್ಲಿ ಮೊದಲ ತಂಡದ ಪರವಾಗಿ ಆಡಿದ್ದು ಹದಿನಾಲ್ಕು ಪಂದ್ಯ. ಎರಡು ಗೆದ್ದ, ಐದು ಸೋತ, ಉಳಿದವುಗಳಲ್ಲಿ ಬಂದು ಹೋದ. ಮಿಕ್ಕ ಕಾಲವೆಲ್ಲ ಎರಡನೇ ತಂಡದಲ್ಲಿ, ಖಾಲಿ ಗ್ಯಾಲರಿಗಳ ಮುಂದೆ. ಇಪ್ಪತ್ತೇಳಕ್ಕೆ ಭುಜ ಕೈಕೊಟ್ಟಿತು.

"ಎರಡನೇ ತಂಡ," ಎಂದು ಬೆಟ್ಟಯ್ಯ ತನ್ನ ಎದೆ ತಟ್ಟಿಕೊಂಡು ತೋರಿಸಿದ. "ನಾನೂ ಅದೇ."

ಇಸೋಬೆ ಎದ್ದು ನಿಂತು ಅವನಿಗೆ ಬಾಗಿ ನಮಸ್ಕರಿಸಿದ. ಅಂದಿನಿಂದ ಬೆಟ್ಟಯ್ಯ ಅವನ ಬಾಯಲ್ಲಿ "ಬೆಟ್ಟೈ ಸಾನ್", ಅಂದರೆ ಬೆಟ್ಟಯ್ಯನವರು, ಆದ.

ಭುಜ ಹೋದ ಮೇಲೆ ತಂಡ ಅವನಿಗೊಂದು ಸಣ್ಣ ಕೆಲಸ ಕೊಟ್ಟಿತ್ತು. ಅಲ್ಲಿ ಬ್ಯಾಟಿನವರ ಅಭ್ಯಾಸಕ್ಕೆಂದೇ ಚೆಂಡೆಸೆಯುವ ಆಳುಗಳಿರುತ್ತಾರೆ. ದಿನಕ್ಕೆ ನೂರಿಪ್ಪತ್ತು ಚೆಂಡು, ಮಧ್ಯಮ ವೇಗ, ನೇರ, ಹೊಡೆಯಲು ಹಿತವಾಗಿ. ಮೂರನೇ ವಾರ ಅವನ ಒಂದು ಚೆಂಡು ತಂಡದ ದೊಡ್ಡ ಆಟಗಾರನ ಮಣಿಕಟ್ಟಿಗೆ ಬಡಿಯಿತು. ಅವನು ಇವನಿಗಿಂತ ಹತ್ತು ವರ್ಷ ಹಿರಿಯ. ನಲವತ್ತು ದಿನ ಆಡಲಾಗಲಿಲ್ಲ. ಇಸೋಬೆ ಆತನ ಮನೆಯ ಗೇಟಿನ ಮುಂದೆ ಹೋಗಿ ಟೋಪಿ ಕೈಯಲ್ಲಿ ಹಿಡಿದು ತಲೆಬಾಗಿ ನಿಂತ. ಆತ ಒಳ್ಳೆಯವನು, ಮರೆತುಬಿಡು ಎಂದ. ಇಸೋಬೆ ಮರೆತ, ಅವನ ಕೈ ಮರೆಯಲಿಲ್ಲ. ಯಾರಾದರೂ ಬ್ಯಾಟ್ ಹಿಡಿದು ನಿಂತರೆ ಸಾಕು, ನಿಧಾನದ ಚೆಂಡು ಆಕಾಶಕ್ಕೆ ಹೋಗತೊಡಗಿತು. ಎರಡು ತಿಂಗಳಲ್ಲಿ ಕೆಲಸ ಖಲಾಸ್. ಆಮೇಲೆ ಎಂಟು ವರ್ಷ ವಾಲ್ವು.

ಈಗ ಹಳೆಯ ಜೊತೆಗಾರನೊಬ್ಬ ಆ ತಂಡದಲ್ಲೇ ಕೋಚ್ ಆಗಿದ್ದಾನೆ. ಕಾಗದ ಬರೆದಿದ್ದ: ಅದೇ ಜಾಗ ಖಾಲಿಯಿದೆ, ನವೆಂಬರ್ ನಡುವೆ ಪರೀಕ್ಷೆ, ನೂರು ಚೆಂಡು, ಐದಕ್ಕಿಂತ ಹೆಚ್ಚು ಕೆಟ್ಟರೆ ಮನೆಗೆ. ಇನ್ನೊಂದು ಸಲ ಕರೆಯುವುದಿಲ್ಲ.

ಮೋರಿಸನಿಗೆ ಇದು ತಲೆಗೆ ಹತ್ತಲಿಲ್ಲ. "ಅಂದ್ರೆ ಬೇರೆಯವರ ಕೈಲಿ ಹೊಡೆಸಿಕೊಳ್ಳುವ ಕೆಲಸ. ಅದಕ್ಕೂ ಪರೀಕ್ಷೆಯಾ ಬೆಟ್ಟಯ್ಯಣ್ಣ?"

"ನಮ್ಮದೂ ಅದೇ ಕೆಲಸ ಮಾರಾಯ. ಪರೀಕ್ಷೆ ಇಲ್ಲ ಅಷ್ಟೆ."

ಹಾಗಾಗಿ ಮೋರಿಸ್ ತನ್ನ ಕ್ರಿಕೆಟ್ ಬ್ಯಾಟ್ ತಂದು ನಿಂತ. ಬೆಟ್ಟಯ್ಯ ಬೇಲಿಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಹಿಂದೆ ಒಂದು ಟಾರ್ಪಾಲು ಕಟ್ಟೋಣ ಎಂದದ್ದಕ್ಕೆ ಇಸೋಬೆ ಬೇಡ ಎಂದ. ಹಿಂದೆ ಗೋಡೆಯಿದ್ದರೆ ಕೈಗೆ ಹೆದರಿಕೆ ಇರುವುದಿಲ್ಲ, ಪರೀಕ್ಷೆಯಲ್ಲಿ ಹೆದರಿಕೆ ಇರುತ್ತದೆ, ಚೆಂಡು ಹೋದರೆ ಹೋಗಲೇಬೇಕು ಎಂದು ಅವನ ವಾದ. ತಲೆ ಕೆಟ್ಟವನು ಎಂದುಕೊಂಡ ಬೆಟ್ಟಯ್ಯ. ಇಸೋಬೆ ಜಪಾನಿನಿಂದ ತಂದದ್ದು ಎರಡು ಡಜನ್ ಚೆಂಡು, ಕುವೈತಿನಲ್ಲಿ ಬೇರೆ ಸಿಗುವುದಿಲ್ಲ.

ಮೊದಲ ಶುಕ್ರವಾರವೇ ಐದು ಚೆಂಡು ಬೇಲಿ ಹಾರಿದವು. ಬೆಟ್ಟಯ್ಯ ಎದ್ದು ಕೈ ಚಾಚಿದರೂ ಮೊಳ ಮೇಲಿಂದ. ಮರಳಿನ ಮೇಲೆ ಬಿಳಿಯ ಮೊಟ್ಟೆಗಳ ಹಾಗೆ ಬಿದ್ದವು. ಪ್ರತಿ ಸಲವೂ ಇಸೋಬೆ ಟೋಪಿ ತೆಗೆದು ಮೋರಿಸನಿಗೆ ಬಾಗಿದ. ಚೆಂಡು ಬ್ಯಾಟಿನವನ ಮೈಮೇಲೆ ಹೋದರೆ ಎಸೆದವನು ಟೋಪಿ ತೆಗೆಯಬೇಕು, ಅದು ಅವರ ಆಟದ ಮರ್ಯಾದೆ. ಇವನು ಬರೀ ಕೆಟ್ಟ ಚೆಂಡಿಗೂ ತೆಗೆಯುತ್ತಿದ್ದ.

"ಇಸೋಬೆ ಸಾರ್, ನನಗೆ ಬಾಗಬೇಡಿ," ಎಂದ ಮೋರಿಸ್, ತನಗೆ ಬರುವ ಇಂಗ್ಲಿಷಿನಲ್ಲಿ. ಅಂಗಿಯ ಕಾಲರ್ ಸರಿಸಿ ಹೆಗಲ ಮೇಲಿನ ಗಂಟು ತೋರಿಸಿದ. "ಇದು ಜಹ್ರಾ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಬಂದೂಕಿನ ಹಿಡಿಯಿಂದ ಬಿದ್ದದ್ದು, ಒಂದು ವಾಚಿಗೋಸ್ಕರ. ಹೊಡೆದವನು ಟೋಪಿ ತೆಗಿಲಿಲ್ಲ. ನೀವು ಧೈರ್ಯವಾಗಿ ಹೊಡೀರಿ."

ಇಸೋಬೆ ಅದಕ್ಕೂ ಬಾಗಿದ.

ಸೆಪ್ಟೆಂಬರ್ ಮುಗಿಯುವಾಗ ಹನ್ನೊಂದು ಚೆಂಡು ಉಳಿದಿದ್ದವು. ಅಕ್ಟೋಬರ್ ನಡುವೆ ನಾಲ್ಕು. ಎಸೆಯುವ ಮೊದಲು ಅವನ ತುಟಿ ಬೆಳ್ಳಗಾಗುತ್ತಿತ್ತು. ಮೋರಿಸ್ ಪಕ್ಕಕ್ಕೆ ಸರಿದರೆ ಅದೇ ಕೈ ಹತ್ತಕ್ಕೆ ಹತ್ತು ಬೆಟ್ಟಯ್ಯನ ಗ್ಲೌಸಿಗೆ ಹಾಕುತ್ತಿತ್ತು. ಒಂದು ಸಂಜೆ ಇಸೋಬೆ ನಾಲ್ಕು ಚೆಂಡುಗಳನ್ನೂ ಚೀಲಕ್ಕೆ ತುಂಬಿ ದಾರ ಎಳೆದು, "ಫಿನಿಶ್, ಬೆಟ್ಟೈ ಸಾನ್," ಎಂದು ರೂಮಿಗೆ ಹೋಗಿಬಿಟ್ಟ. ಒಂದು ವಾರ ಕೆಲಸ ಬಿಟ್ಟ ಮೇಲೆ ಅಂಗಳಕ್ಕೆ ಬರಲಿಲ್ಲ.

ಆ ವಾರ ಬೆಟ್ಟಯ್ಯನಿಗೆ ಕೈ ತುರಿಸಿತು. ಗೋಲ್‌ಕೀಪರ್ ನೋಡುವುದು ಚೆಂಡನ್ನಲ್ಲ, ಹೊಡೆಯುವವನ ಸೊಂಟವನ್ನು, ಭುಜವನ್ನು. ಇಸೋಬೆಯ ಮೈಯನ್ನು ಅವನು ಮನಸ್ಸಿನಲ್ಲೇ ಮತ್ತೆ ಮತ್ತೆ ನಿಲ್ಲಿಸಿ ನೋಡಿದ. ನಾಲ್ಕನೇ ದಿನ ಮಧ್ಯಾಹ್ನ ಕಡುಬಿನ ತುಂಡು ಬಾಯಿಗಿಡುವಾಗ ಹೊಳೆಯಿತು. ಮೋರಿಸ್ ಇಲ್ಲದಿದ್ದರೆ ಇಸೋಬೆಯ ಬಲಗೈ ಎಸೆದ ಮೇಲೆ ಎಡ ಮೊಣಕಾಲಿನವರೆಗೆ ಇಳಿದುಬರುತ್ತದೆ. ಮೋರಿಸ್ ನಿಂತರೆ ಅರ್ಧದಲ್ಲೇ ಮೇಲಕ್ಕೆ ತಿರುಗುತ್ತದೆ. ಎಲ್ಲಿಗೆ? ಟೋಪಿಗೆ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅವನ ಕೈ ಕ್ಷಮೆ ಕೇಳಲು ಹೊರಟಿರುತ್ತದೆ. ಕೈ ಬೇಗ ತಿರುಗಿದರೆ ಚೆಂಡು ಬೇಗ ಜಾರುತ್ತದೆ, ಮೇಲಕ್ಕೆ ಹೋಗುತ್ತದೆ.

ಇದನ್ನು ಹೆಂಡತಿಗೆ ಹೇಳಿದ. ಅವಳಿಗೇನೂ ಆಶ್ಚರ್ಯವಾಗಲಿಲ್ಲ.

"ಹೊಸ ನರ್ಸುಗಳೂ ಹಾಗೇ. ಸೂಜಿ ಚುಚ್ಚುವ ಮೊದಲೇ ಸಾರಿ ಸಾರಿ ಅಂತಾರೆ. ಸಾರಿ ಅಂದವಳಿಗೆ ನರ ಸಿಕ್ಕುದೇ ಇಲ್ಲ. ನಾನು ಅವರಿಗೆ ಹೇಳುದು, ಮೊದಲು ಚುಚ್ಚು, ಸಾರಿ ಆಮೇಲೆ ಹೇಳುವಿಯಂತೆ."

"ಅವನ ಟೋಪಿ ಕಿತ್ತು ಇಟ್ಟುಕೊಳ್ಳಲಾ?"

"ಪರೀಕ್ಷೆಯಲ್ಲಿ ಟೋಪಿ ಇಲ್ಲದೆ ನಿಲ್ಲಲಿಕ್ಕೆ ಬಿಡ್ತಾರಾ ಅವರು? ಬಟ್ಟೆಬರೆಗೆ ಅಷ್ಟು ಕಟ್ಟುನಿಟ್ಟಿನ ಜನ." ಕಾವೇರಮ್ಮ ಸ್ವಲ್ಪ ಯೋಚಿಸಿದಳು. "ತಂದು ಕೊಡಿ ಇಲ್ಲಿ."

ಇಸೋಬೆ ಕೆಲಸದ ಮೇಜಿನ ಮೇಲೆ ಬಿಟ್ಟುಹೋಗಿದ್ದ ಟೋಪಿಯನ್ನು ಬೆಟ್ಟಯ್ಯ ಮರುದಿನ ತಂದುಕೊಟ್ಟ. ಅವಳು ಅದಕ್ಕೆ ಎರಡೂ ಕಡೆಯಿಂದ ಕಪ್ಪು ಎಲಾಸ್ಟಿಕ್ ಹೊಲಿದಳು, ಗಲ್ಲದ ಕೆಳಗೆ ಬರುವ ಹಾಗೆ, ಶಿಶುವಿಹಾರದ ಮಕ್ಕಳ ಟೋಪಿಗೆ ಇರುವಂಥದ್ದು. ಬೆಟ್ಟಯ್ಯ ಅದನ್ನು ಹಿಡಿದು ಇಸೋಬೆಯ ರೂಮಿಗೆ ಹೋದ. ಹೇಗೆ ಹೇಳುವುದು? ಬಾಯಿಂದ ಆಗಲಿಲ್ಲ. ನಡುವೆ ನಿಂತು ಇಸೋಬೆಯ ಹಾಗೆ ಕಾಲೆತ್ತಿ, ಎಸೆದಂತೆ ಮಾಡಿ, ಅರ್ಧದಲ್ಲೇ ಕೈ ತಲೆಗೆ ಒಯ್ದು ಬಾಗಿದ. ಮತ್ತೆ ಮಾಡಿದ. ಮೂರನೇ ಸಲಕ್ಕೆ ಹಾಸಿಗೆಯ ಮೇಲೆ ಕೂತಿದ್ದ ಇಸೋಬೆಯ ಮುಖ ನಿಧಾನವಾಗಿ ಕೆಂಪಾಯಿತು. ಎಂಟು ವರ್ಷ ಭುಜ, ಮೊಣಕೈ, ನರ ಎಂದು ಎಲ್ಲ ವೈದ್ಯರ ಬಾಗಿಲು ತಟ್ಟಿದವನು ಅವನು. ಟೋಪಿಯನ್ನು ತೆಗೆದುಕೊಂಡು ಎಲಾಸ್ಟಿಕ್ ಎಳೆದು ಬಿಟ್ಟು ನೋಡಿದ. ತಲೆಗೆ ಹಾಕಿಕೊಂಡ.

ತಕ್ಷಣ ಎಲ್ಲ ಸರಿಹೋಯಿತೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆ ಸಂಜೆ ಎರಡು ಚೆಂಡು ಬೇಲಿ ಹಾರಿದವು. ಕೈ ಟೋಪಿಗೆ ಹೋಯಿತು, ಎಲಾಸ್ಟಿಕ್ ಚಟ್ಟನೆ ಗಲ್ಲಕ್ಕೆ ಬಡಿಯಿತು. ಮೋರಿಸ್ ನಗು ತಡೆಯಲಾರದೆ ಬ್ಯಾಟಿನ ಹಿಂದೆ ಮುಖ ಮುಚ್ಚಿಕೊಂಡ. ಮೂರನೇ ದಿನ ಇನ್ನೊಂದು ಹೋಯಿತು. ಆಮೇಲೆ ಕೈಗೆ ಬುದ್ಧಿ ಬಂತು. ಮೇಲೆ ಹೋಗಿ ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆ ಅದು ಕೆಳಗೇ, ಎಡ ಮೊಣಕಾಲಿನವರೆಗೆ ಇಳಿಯತೊಡಗಿತು. ಆದರೆ ಉಳಿದದ್ದು ಒಂದೇ ಚೆಂಡು.

ನವೆಂಬರ್ ಎಂಟು, ಶುಕ್ರವಾರ. ಭಾನುವಾರ ಇಸೋಬೆಯ ವಿಮಾನ. ಎರಡು ದಿನದ ಹಿಂದೆ ಕೊನೆಯ ಎಣ್ಣೆಬಾವಿಯ ಬೆಂಕಿಯನ್ನೂ ಆರಿಸಿದ್ದರು. ಬೆಳಗ್ಗೆ ಎಂಟಕ್ಕೆ ಆಕಾಶ ನೀಲಿಯಾಗಿದ್ದದ್ದು ನೋಡಿ ಕಾವೇರಮ್ಮನೂ ರಜೆಯ ದಿನ ಒಂದು ಕುರ್ಚಿ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಇಸೋಬೆ ಆ ಒಂದೇ ಚೆಂಡಿನಲ್ಲಿ ನೂರು ಎಸೆಯುತ್ತೇನೆ ಎಂದ. ಎಷ್ಟರಲ್ಲಿ ಅದು ಬೇಲಿ ಹಾರುತ್ತದೋ ಅಲ್ಲಿಗೆ ಅವನ ಪರೀಕ್ಷೆ ಮುಗಿಯಿತು, ಜಪಾನಿಗೆ ಹೋಗಿ ನಗೆಪಾಟಲಾಗುವುದು ಬೇಡ, ವಾಲ್ವಿನ ಜೊತೆಯೇ ಇರುತ್ತಾನೆ. ಮೋರಿಸನಿಗೆ ಬೆಟ್ಟಯ್ಯ ಕಟ್ಟಪ್ಪಣೆ ಮಾಡಿದ: "ಬ್ಯಾಟ್ ಬೀಸಬೇಡ. ನಿಂತುಕೋ ಸಾಕು. ನೀನು ಹೊಡೆದು ಆಚೆ ಹಾಕಿದ್ರೂ ಕಥೆ ಮುಗೀತು."

"ನಿಂತುಕೊಂಡು ಎಂತ ಮಾಡುದು?"

"ಇಗರ್ಜಿಯ ಪ್ರಾರ್ಥನೆಯಲ್ಲಿ ಎಂತ ಮಾಡ್ತಿ, ಅದೇ ಮಾಡು."

ಬೆಟ್ಟಯ್ಯ ಗಟ್ಟಿಯಾಗಿ ಎಣಿಸತೊಡಗಿದ. ಹತ್ತು, ಹನ್ನೊಂದು. ಚೆಂಡು ಮೋರಿಸನ ಹೊಟ್ಟೆಯ ಮುಂದಿನಿಂದ ಹಾದು ಗ್ಲೌಸಿಗೆ ಬೀಳುತ್ತಿತ್ತು. ಮೂವತ್ತನಾಲ್ಕನೆಯದು ಮೇಲೆ ಹೋಯಿತು. ಬೆಟ್ಟಯ್ಯ ಕೂತಲ್ಲಿಂದಲೇ ಕಪ್ಪೆಯ ಹಾಗೆ ನೆಗೆದು ಬೆರಳ ತುದಿಯಲ್ಲಿ ಹಿಡಿದ, ಹಿಡಿದು ಬೆನ್ನಡಿಯಾಗಿ ಬೇಲಿಗೆ ಒರಗಿ ಬಿದ್ದ. ಕಾವೇರಮ್ಮ ಕುರ್ಚಿಯಿಂದ ಎದ್ದು ನಿಂತಳು. ಅವನು ಗ್ಲೌಸೆತ್ತಿ ತೋರಿಸಿದ, ಅವಳು ಕೂತಳು. ಇಸೋಬೆಯ ಕೈ ಟೋಪಿಯತ್ತ ಹೊರಟದ್ದು ಎದೆಯ ಮಟ್ಟದಲ್ಲೇ ನಿಂತಿತು, ಅಂಗಿಗೆ ಒರೆಸಿಕೊಂಡಿತು, ಚೆಂಡಿಗಾಗಿ ಮುಂದೆ ಬಂತು.

ಅರವತ್ತು. ಎಂಬತ್ತೊಂದು ಅಗಲಕ್ಕೆ ಹೋದರೂ ಗ್ಲೌಸಿಗೆ ಸಿಕ್ಕಿತು. ತೊಂಬತ್ತರ ಹೊತ್ತಿಗೆ ಮೋರಿಸನ ಕೈ ಬ್ಯಾಟಿನ ಹಿಡಿಯನ್ನು ಹಿಂಡುತ್ತಿತ್ತು.

"ತೊಂಬತ್ತೊಂಬತ್ತು."

"ಬೆಟ್ಟಯ್ಯಣ್ಣ, ಇಷ್ಟು ಚಂದದ ಬಾಲು ಸಾಲುಸಾಲಾಗಿ ಬಂದ್ರೆ ಮನುಷ್ಯ ಎಷ್ಟಂತ ತಡೆಯುದು," ಎಂದ ಮೋರಿಸ್.

"ಬಾಯಿ ಮುಚ್ಚಿ ನಿಲ್ಲು. ಒಂದೇ ಒಂದು."

ನೂರನೆಯದು ಬಂತು, ಸೊಂಟದೆತ್ತರ, ನೇರ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಮೋರಿಸ್ ಬೀಸಿದ. ಬೀಸಿಯಾದ ಮೇಲೆಯೇ ಅವನಿಗೂ ಗೊತ್ತಾದದ್ದು. ಟಣ್ ಎಂದು ತಾಗಿದ ಚೆಂಡು ಎಡಗಡೆಯ ಬೇಲಿಯ ಮೇಲೆ, ತಲೆಬುರುಡೆಯ ಹಲಗೆಯ ಮೇಲೆ ತೇಲಿಕೊಂಡು ಹೋಗಿ ಮರಳಿನಲ್ಲಿ ದೂರ, ನೀರಿನ ಅಂಚಿನಲ್ಲಿ ಬಿತ್ತು.

ಮೋರಿಸ್ ಬ್ಯಾಟನ್ನು ಮೆಲ್ಲನೆ ನೆಲಕ್ಕಿಟ್ಟ, ಕದ್ದ ಮಾಲನ್ನು ಇಟ್ಟ ಹಾಗೆ. "ತಪ್ಪಾಯ್ತು ಸಾರ್," ಎಂದ.

ಇಸೋಬೆ ಚೆಂಡು ಬಿದ್ದ ಕಡೆ ನೋಡುತ್ತಲೇ ನಿಂತಿದ್ದ. ಆಮೇಲೆ ನಗಲು ಶುರುಮಾಡಿದ. ಅವನ ದವಡೆಯಲ್ಲೊಂದು ಬೆಳ್ಳಿಯ ಹಲ್ಲಿದೆಯೆಂದು ಬೆಟ್ಟಯ್ಯನಿಗೆ ಅಂದೇ ಗೊತ್ತಾದದ್ದು. ಹೊಡೆಯಲಿಕ್ಕೆಂದೇ ಎಸೆಯುವ ಚೆಂಡು, ಅದನ್ನು ಒಬ್ಬ ಫೋರ್ಕ್‌ಲಿಫ್ಟಿನವನು ತಡೆಯಲಾರದೆ ಹೊಡೆದಿದ್ದ. ಇದಕ್ಕಿಂತ ಇನ್ನೇನು ಬೇಕು. ಇಸೋಬೆ ಮೋರಿಸನ ಕಡೆ ತಿರುಗಿ ಸೊಂಟದಿಂದ ಬಾಗಿದ, ಟೋಪಿ ತಲೆಯ ಮೇಲೇ ಇತ್ತು.

"ಚೆಂಡು ಮುಗೀತಲ್ಲ, ಇನ್ನು ಎಲ್ಲರೂ ತಿಂಡಿಗೆ ಬನ್ನಿ," ಎಂದಳು ಕಾವೇರಮ್ಮ, ಕುರ್ಚಿ ಮಡಚುತ್ತ.

ತಿಂಗಳ ಕೊನೆಗೆ ಕಂಪನಿಯ ಆಫೀಸಿಗೆ ಇಸೋಬೆಯ ಒಂದು ಫ್ಯಾಕ್ಸ್ ಬಂತು. ನೂರರಲ್ಲಿ ತೊಂಬತ್ತಾರು. ಫೆಬ್ರವರಿಯಿಂದ ಕೆಲಸ. ಎಲಾಸ್ಟಿಕ್ ನೋಡಿ ಕೋಚ್ ಬಿದ್ದು ಬಿದ್ದು ನಕ್ಕರು, ತೆಗೆ ಎನ್ನಲಿಲ್ಲ. ಕೆಳಗೆ ಪೆನ್ನಿನಲ್ಲಿ ಒಂದು ಕಪ್ಪೆಯ ಚಿತ್ರವಿತ್ತು, ಅದರ ಕೈಯಲ್ಲೊಂದು ಗ್ಲೌಸು. ಬೆಟ್ಟಯ್ಯ ಅದನ್ನು ಮನೆಗೊಯ್ದು ಫ್ರಿಜ್ಜಿಗೆ ಅಂಟಿಸಿದ. ಬಂದವರೆಲ್ಲ ಇದು ಯಾರು ಎಂದು ಕೇಳಿದರೆ ಕಾವೇರಮ್ಮ ಗಲ್ಲದಿಂದಲೇ ಗಂಡನ ಕಡೆ ತೋರಿಸುತ್ತಿದ್ದಳು.

ಡಿಸೆಂಬರಿನಲ್ಲಿ ಮೈನು ತೆಗೆಯುವವರು ಆ ದಂಡೆಗೆ ಬಂದರು, ಬಾಂಗ್ಲಾದೇಶದ ಸೈನಿಕರು. ಒಂಬತ್ತು ದಿನ ಮರಳನ್ನು ಅಂಗುಲ ಅಂಗುಲವಾಗಿ ಕೆದಕಿದರು. ಹತ್ತನೇ ದಿನ ಅವರ ಹವಾಲ್ದಾರ ಒಂದು ಗೋಣಿಚೀಲ ಹೊತ್ತು ಉಗ್ರಾಣದ ಬಾಗಿಲಿಗೆ ಬಂದ.

"ಭಾಯಿ, ಈ ಬಿಳಿ ಬಾಂಬು ನಿಮ್ಮವಾ? ಮೊದಲನೆಯದು ಕಂಡಾಗ ನಾವು ಎರಡು ಗಂಟೆ ಹೊಟ್ಟೆಯಡಿಯಾಗಿ ಮಲಗಿದ್ದೆವು."

ಹತ್ತೊಂಬತ್ತಿದ್ದವು. ಉಳಿದ ಐದನ್ನು ಸಮುದ್ರ ತೆಗೆದುಕೊಂಡಿರಬೇಕು. ಬೆಟ್ಟಯ್ಯ ಹವಾಲ್ದಾರನಿಗೆ ಚಹಾ ಕುಡಿಸಿದ, ಅವನ ಕಾಗದಕ್ಕೆ ಸಹಿ ಹಾಕಿ ಚೀಲ ಇಳಿಸಿಕೊಂಡ.

ಮುಂದಿನ ಶುಕ್ರವಾರ ಮೋರಿಸ್ ಬ್ಯಾಟ್ ಹಿಡಿದು ನಿಂತ. ಬೇಲಿಯ ಹಲಗೆಗಳನ್ನು ಕಿತ್ತುಹಾಕಿದ್ದರು. ಬೆಟ್ಟಯ್ಯ ಇಸೋಬೆ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಅವನ ಹಾಗೇ ಕಾಲೆತ್ತಿ, ಮೊದಲ ಚೆಂಡು ಎಸೆದ. ಅದು ಸೀದಾ ಹೋಗಿ ಮೋರಿಸನ ತೊಡೆಗೆ ಬಡಿಯಿತು.

ಮೋರಿಸ್ ಕುಂಟಿಕೊಂಡು ಒಂದು ಸುತ್ತು ಬಂದ. "ಟೋಪಿ ತೆಗೀರಿ ಬೆಟ್ಟಯ್ಯಣ್ಣ."

"ನನ್ನ ಹತ್ರ ಟೋಪಿ ಎಲ್ಲುಂಟು," ಎಂದ ಬೆಟ್ಟಯ್ಯ, ಚೀಲದಿಂದ ಎರಡನೆಯದನ್ನು ತೆಗೆಯುತ್ತ. "ಸರಿಯಾಗಿ ನಿಲ್ಲು. ಇನ್ನೂ ಹದಿನೆಂಟು ಉಂಟು."